ಮೀನಿನ ರಕ್ತದ ಸ್ಲೈಡ್ ನೋಡಿ ನೀರು ಕೆಟ್ಟಿದೆ ಅಂತ ಹೇಳಬಹುದಾ? ಹುಬ್ಬಳ್ಳಿ–ಧಾರವಾಡ, ಹಾವೇರಿ, ಗದಗ ಕಡೆಯವರು ಬನ್ನಿ

ಬೆಣ್ಣಿಹಳ್ಳ_ದಂಡೆ

ನಮಸ್ಕಾರ ಎಲ್ಲರಿಗೂ. ನಾನು ಈ ಕಡೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ಕೊನೇ ವರ್ಷದವರಿಗೆ ಪ್ರಾಜೆಕ್ಟ್ ಕೊಡಬೇಕು. ಪ್ರತಿ ವರ್ಷ ಅದೇ ಕತೆ. ಉಣಕಲ್ ಕೆರೆಯಿಂದ ಒಂದು ಬಾಟಲಿ ನೀರು, ಕೆಲಗೇರಿಯಿಂದ ಒಂದು ಬಾಟಲಿ, ಪಿಎಚ್, ಕರಗಿದ ಆಮ್ಲಜನಕ, ಬಿಒಡಿ (ಕೊಳೆ ತಿನ್ನಲು ಬ್ಯಾಕ್ಟೀರಿಯಾಕ್ಕೆ ಬೇಕಾಗುವ ಆಮ್ಲಜನಕ), ಒಂದು ಬಾರ್ ಚಾರ್ಟ್, ಸ್ಪೈರಲ್ ಬೈಂಡಿಂಗ್, ಮುಗೀತು.

ಈ ಸಲ ಬೇರೆ ಏನಾದರೂ ಮಾಡಿಸಬೇಕು ಅಂತ ಇದ್ದೇನೆ. ಮೀನಿನ ರಕ್ತದ ಸ್ಲೈಡ್ ಮಾಡಿ, ಕೆಂಪು ಕಣಗಳ ನ್ಯೂಕ್ಲಿಯಸ್ (ಕೋಶಕೇಂದ್ರ) ಎಷ್ಟು ಕೆಟ್ಟಿದೆ ಅಂತ ಎಣಿಸಿ, ಅದರಿಂದ ನೀರಿನ ಮಾಲಿನ್ಯ ಅಂದಾಜು ಮಾಡುವ ವಿಧಾನ ಇದೆಯಲ್ಲ, ಮೈಕ್ರೋನ್ಯೂಕ್ಲಿಯಸ್ ಟೆಸ್ಟ್, ಅದನ್ನು ನಮ್ಮಂಥ ಸಣ್ಣ ಕಾಲೇಜಿನಲ್ಲಿ ಮಾಡಬಹುದಾ?

ಬಾಟಲಿ ನೀರಿನ ರಿಪೋರ್ಟ್ ಮೇಲೆ ನನಗೆ ನಂಬಿಕೆ ಕಡಿಮೆಯಾಗಿದೆ. ಮಳೆ ಬಂದ ಮರುದಿನ ತಂದರೆ ಎಲ್ಲ ಚೆನ್ನಾಗಿದೆ ಅಂತ ಬರುತ್ತದೆ. ಏಪ್ರಿಲ್‌ನಲ್ಲಿ ತಂದರೆ ಮೂಗು ಮುಚ್ಚಿಕೊಳ್ಳಬೇಕು. ಉಣಕಲ್ ನಾಲಾ ಊರೊಳಗೆ ಹಾದು ಹೊರಗೆ ಬರುವಷ್ಟರಲ್ಲಿ ಅದಕ್ಕೆ ಏನೇನು ಸೇರುತ್ತದೆ, ಯಾವ ಹೊತ್ತಿಗೆ ಸೇರುತ್ತದೆ, ಹೇಳುವವರು ಯಾರು? ರಾತ್ರಿ ಬಿಟ್ಟಿದ್ದು ಬೆಳಗ್ಗೆ ಹತ್ತಕ್ಕೆ ಬಾಟಲಿ ಹಿಡಿದು ಹೋದವನ ಕೈಗೆ ಸಿಗುವುದಿಲ್ಲ. ಮೀನು ಮಾತ್ರ ಹಗಲೂ ರಾತ್ರಿ ಅಲ್ಲೇ ಇರುತ್ತದೆ.

ಮಾಡಿದವರು, ನೋಡಿದವರು, ಬೇಡ ಅನ್ನುವವರು, ಎಲ್ಲರೂ ಹೇಳಿ.

ಸ್ಲೈಡ್_ಅಕ್ಕ

ಮಾಡಬಹುದು ಸರ್. ಈ ಕೆಲಸದಲ್ಲೇ ನಾನು ಕಣ್ಣು ಸವೆಸಿದ್ದೇನೆ, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ನಮ್ಮ ಕೆಂಪು ರಕ್ತಕಣದಲ್ಲಿ ನ್ಯೂಕ್ಲಿಯಸ್ ಇರುವುದಿಲ್ಲ. ಅಸ್ಥಿಮಜ್ಜೆಯಲ್ಲಿ ಬೆಳೆಯುವಾಗಲೇ ಅದನ್ನು ಹೊರಗೆ ಹಾಕಿಬಿಡುತ್ತದೆ. ಮೀನಿನದ್ದು ಹಾಗಲ್ಲ. ಮೊಟ್ಟೆ ಆಕಾರದ ಕಣ, ನಡುವೆ ಅದೇ ಆಕಾರದ ನ್ಯೂಕ್ಲಿಯಸ್, ಕಣ ಸಾಯುವ ತನಕ ಅಲ್ಲೇ ಇರುತ್ತದೆ. ಒಂದು ಹನಿ ರಕ್ತದಲ್ಲಿ ಲಕ್ಷಗಟ್ಟಲೆ ನ್ಯೂಕ್ಲಿಯಸ್ ಸಿಕ್ಕ ಹಾಗಾಯಿತು. ಮೀನನ್ನು ಕೊಲ್ಲಬೇಕಾಗಿಲ್ಲ, ಅಂಗ ಕತ್ತರಿಸಬೇಕಾಗಿಲ್ಲ. ಈ ಟೆಸ್ಟ್ ಮೀನಿನಲ್ಲಿ ಇಷ್ಟು ಸಲೀಸಾಗಿರುವುದು ಅದಕ್ಕೇ.

ಈಗ ಮೈಕ್ರೋನ್ಯೂಕ್ಲಿಯಸ್ ಅಂದರೆ ಏನು ಅಂತ. ಮೀನಿನ ರಕ್ತಕಣ ಹುಟ್ಟುವುದು ಮುಖ್ಯವಾಗಿ ತಲೆಯ ಹಿಂದಿರುವ ಮೂತ್ರಪಿಂಡದ ಮುಂಭಾಗದಲ್ಲಿ, ಸ್ವಲ್ಪ ಗುಲ್ಮದಲ್ಲಿ. ಅಲ್ಲಿ ಕೋಶ ಎರಡಾಗುವಾಗ ಕ್ರೋಮೋಸೋಮ್‌ಗಳು ಎರಡು ಕಡೆಗೆ ಸರಿಯಾಗಿ ಹಂಚಿಕೆಯಾಗಬೇಕು. ಯಾವುದೋ ರಾಸಾಯನಿಕದಿಂದ ಕ್ರೋಮೋಸೋಮ್ ತುಂಡಾಗಿದ್ದರೆ, ಅಥವಾ ಅದನ್ನು ಎಳೆಯುವ ದಾರಗಳು ಕೆಟ್ಟಿದ್ದರೆ, ಒಂದು ತುಂಡು ಹಿಂದೆ ಉಳಿಯುತ್ತದೆ. ರೊಟ್ಟಿ ಹಿಟ್ಟನ್ನು ಎರಡು ಉಂಡೆ ಮಾಡುವಾಗ ಬದಿಗೆ ಒಂದು ಚೂರು ಉಳಿದುಬಿಡುತ್ತದಲ್ಲ, ಹಾಗೆ. ಆ ಚೂರು ದೊಡ್ಡ ನ್ಯೂಕ್ಲಿಯಸ್ ಒಳಗೆ ಸೇರದೆ ಪಕ್ಕದಲ್ಲಿ ತನ್ನದೇ ಸಣ್ಣ ಚುಕ್ಕೆಯಾಗಿ ನಿಲ್ಲುತ್ತದೆ. ನಾವು ಎಣಿಸುವುದು ಆ ಚುಕ್ಕೆಯನ್ನು.

ಇದರ ಮೂಲ ಇಲಿ ಜಾತಿಯ ಪ್ರಾಣಿಗಳ ಅಸ್ಥಿಮಜ್ಜೆ. 70ರ ದಶಕದಲ್ಲಿ ಹೆಡ್ಲ್, ಶ್ಮಿಡ್ ಇವರು ಅದರಲ್ಲಿ ವಿಧಾನ ಕೂರಿಸಿದರು. 1982ರಲ್ಲಿ ಹಾಫ್ಟ್‌ಮನ್ ಮತ್ತು ಡಿ ರಾಟ್ ಅದನ್ನು ಮೀನಿನ ರಕ್ತಕ್ಕೆ ತಂದರು. 1990ರಲ್ಲಿ ಕರಾಸ್ಕೊ ಮತ್ತು ಜೊತೆಗಾರರು ನ್ಯೂಕ್ಲಿಯಸ್‌ನ ಬೇರೆ ವಿಕಾರಗಳನ್ನೂ ವಿಂಗಡಿಸಿದರು. ಮೊಗ್ಗು ಹೊರಟಂಥದ್ದು, ಹಾಲೆ ಹಾಲೆಯಾಗಿರುವುದು, ಕಚ್ಚು ಬಿದ್ದಂಥದ್ದು, ಒಳಗೆ ಗುಳ್ಳೆ ಇರುವುದು. ಇವತ್ತಿಗೂ ಹೆಚ್ಚು ಕಡಿಮೆ ಅದೇ ಪಟ್ಟಿ ಇಟ್ಟುಕೊಂಡು ಎಣಿಸುತ್ತಾರೆ.

ಆದರೆ ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಹೋಲಿಸಲಿಕ್ಕೆ ಚೊಕ್ಕ ನೀರಿನ ಮೀನು ಇಲ್ಲದಿದ್ದರೆ ಈ ಪ್ರಾಜೆಕ್ಟ್ ಬೇಡವೇ ಬೇಡ. ಕೊಳಕು ಹಳ್ಳದಿಂದ ಮೀನು ತಂದು, ನಾಲ್ಕು ಚುಕ್ಕೆ ತೋರಿಸಿ, "ನೋಡಿ ಡಿಎನ್‌ಎ ಹಾಳಾಗಿದೆ" ಅನ್ನುವ ಪ್ರಾಜೆಕ್ಟ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ. ಬಣ್ಣ ದಂಡ.

ನಿವೃತ್ತ_ಲ್ಯಾಬ್_ಕಾಕಾ

ಅಕ್ಕಾವ್ರು ಥಿಯರಿ ಚೆನ್ನಾಗಿ ಹೇಳಿದರು. ನಾನು ಆಸ್ಪತ್ರೆ ಲ್ಯಾಬಿನಲ್ಲಿ ಮನುಷ್ಯರ ಸ್ಮಿಯರ್, ಅಂದರೆ ಸ್ಲೈಡ್ ಮೇಲೆ ತೆಳ್ಳಗೆ ಹರಡಿದ ರಕ್ತ, ಮಾಡುತ್ತ ರಿಟೈರ್ ಆದವನು. ಮೀನಿನದ್ದೂ ಕೆಲವು ಹುಡುಗರಿಗೆ ಮಾಡಿಕೊಟ್ಟಿದ್ದೇನೆ. ಕೈಕೆಲಸದ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಇದು ಕೆಡುವುದು ಅಲ್ಲೇ.

ಮೊದಲು ಸ್ಲೈಡ್. ಹೊಸ ಡಬ್ಬಿಯದಾದರೂ ಸ್ಪಿರಿಟ್‌ನಲ್ಲಿ ಒರೆಸಿ. ಜಿಡ್ಡಿದ್ದರೆ ರಕ್ತ ಹರಡುವುದಿಲ್ಲ, ಅಲ್ಲಲ್ಲಿ ತೂತು ಬೀಳುತ್ತದೆ. ಬಾಲದ ಬುಡದಲ್ಲಿ, ಬೆನ್ನೆಲುಬಿನ ಕೆಳಗೆ ರಕ್ತನಾಳ ಇದೆ. ಸಣ್ಣ ಸೂಜಿ ಅಲ್ಲಿಗೆ ಹಾಕಿ ನಿಧಾನ ಎಳೆದರೆ ಬರುತ್ತದೆ. ಬೇಕಾದದ್ದು ಒಂದೇ ಹನಿ. ಹೆಪ್ಪುಗಟ್ಟದಿರಲಿ ಅಂತ ಸಿರಿಂಜಿಗೆ ಹೆಪಾರಿನ್ ಸವರಿಕೊಳ್ಳಿ. ಹೆಪ್ಪು ತಡೆಯುವ ಇನ್ನೊಂದು ರಾಸಾಯನಿಕ ಇಡಿಟಿಎ ಬೇಡ, ಕೆಲವು ಜಾತಿಯ ಮೀನಿನಲ್ಲಿ ಅದರಿಂದ ಕಣಗಳೇ ಒಡೆದುಹೋಗುತ್ತವೆ. ಇನ್ನೂ ಒಳ್ಳೆಯದು, ತೆಗೆದ ಕೂಡಲೇ ಅಲ್ಲೇ ದಂಡೆ ಮೇಲೇ ಸ್ಮಿಯರ್ ಎಳೆದುಬಿಡಿ.

ಹನಿಯನ್ನು ಸ್ಲೈಡಿನ ಒಂದು ತುದಿಗೆ ಇಟ್ಟು, ಇನ್ನೊಂದು ಸ್ಲೈಡನ್ನು ಓರೆ ಹಿಡಿದು ಹನಿಗೆ ತಾಗಿಸಿ. ರಕ್ತ ಅಂಚಿನ ಉದ್ದಕ್ಕೂ ಓಡಲು ಬಿಡಿ. ಆಮೇಲೆ ಒಂದೇ ಎಳೆತ, ತಡೆಯಬಾರದು, ಒತ್ತಬಾರದು. ದಪ್ಪವಾಗಿ ಶುರುವಾಗಿ ತುದಿಗೆ ತೆಳ್ಳಗೆ ಮುಗಿಯಬೇಕು. ನೀವು ನೋಡಬೇಕಾದದ್ದು ಆ ತೆಳ್ಳಗಿನ ಭಾಗದ ಸ್ವಲ್ಪ ಹಿಂದೆ, ಕಣಗಳು ಒಂದರ ಮೇಲೊಂದು ಬೀಳದೆ ಪಕ್ಕಪಕ್ಕ ಇರುವ ಜಾಗ. ಗಾಳಿಗೆ ಒಣಗಿಸಿ ಮೆಥನಾಲ್‌ನಲ್ಲಿ ಹತ್ತು ನಿಮಿಷ ಅದ್ದಿ. ಮೆಥನಾಲ್ ವಿಷ, ಹುಡುಗರ ಕೈಗೆ ಗ್ಲೌಸ್ ಇರಲಿ, ಕಿಟಕಿ ತೆರೆದಿರಲಿ.

ಇನ್ನು ಗೀಮ್ಸಾ, ನ್ಯೂಕ್ಲಿಯಸ್ ಎದ್ದು ಕಾಣಲು ಹಾಕುವ ಬಣ್ಣ. ಇಲ್ಲಿ ನಮ್ಮ ಊರಿನ ಒಂದು ತಕರಾರು ಇದೆ. ಬೋರಿನ ನೀರಿನಲ್ಲಿ ಬಣ್ಣ ಕಲಸಬೇಡಿ. ನಮ್ಮ ಕಡೆಯ ಬೋರ್ ನೀರು ಗಡಸು, ಕ್ಷಾರ ಜಾಸ್ತಿ. ಅದರಲ್ಲಿ ಕಲಸಿದರೆ ಸ್ಲೈಡ್ ಪೂರ್ತಿ ನೀಲಿ ತಿರುಗುತ್ತದೆ. ನ್ಯೂಕ್ಲಿಯಸ್ ಯಾವುದು, ಸುತ್ತಲಿನದು ಯಾವುದು ಗೊತ್ತಾಗುವುದಿಲ್ಲ. ಪಿಎಚ್ 6.8ರ ಬಫರ್ ಮಾಡಿಕೊಳ್ಳಿ, ಡಿಸ್ಟಿಲ್ಡ್ ವಾಟರ್‌ನಲ್ಲಿ. ಬಣ್ಣ ಅವತ್ತಿನದು ಅವತ್ತೇ ಕಲಸಿ, ಸೋಸಿ. ನಿನ್ನೆ ಕಲಸಿದ ಬಣ್ಣದಲ್ಲಿ ತಳ ಕಟ್ಟಿ ಸಣ್ಣ ಸಣ್ಣ ಕಣ ಬೀಳುತ್ತವೆ. ಅವು ಹೋಗಿ ರಕ್ತಕಣದ ಮೇಲೇ ಕೂರುತ್ತವೆ. ಹೊಸಬರು ಅದನ್ನೇ ಮೈಕ್ರೋನ್ಯೂಕ್ಲಿಯಸ್ ಅಂತ ಎಣಿಸುತ್ತಾರೆ. ಫೋಕಸ್ ಸ್ವಲ್ಪ ಮೇಲೆ ಕೆಳಗೆ ಮಾಡಿ ನೋಡಿ. ಬಣ್ಣದ ಚೂರಾದರೆ ಮಿಣುಕುತ್ತದೆ, ಫೋಕಸ್ ಬೇರೆ ಮಟ್ಟದಲ್ಲಿರುತ್ತದೆ. ನಿಜವಾದದ್ದು ಮಿಣುಕುವುದಿಲ್ಲ. ದೊಡ್ಡ ನ್ಯೂಕ್ಲಿಯಸ್‌ನ ಬಣ್ಣವೇ ಅದಕ್ಕೂ, ಅದೇ ಮಟ್ಟದಲ್ಲಿ, ದುಂಡಗೆ, ಅಂಚು ಚೊಕ್ಕ. ದೊಡ್ಡದರ ಮೂರನೇ ಒಂದು ಭಾಗಕ್ಕಿಂತ ಚಿಕ್ಕದು. ತಾಗಿಕೊಂಡಿರಬಾರದು.

ಎಣ್ಣೆ ಹಾಕಿ 100ರ ಲೆನ್ಸ್‌ನಲ್ಲೇ ನೋಡಿ. 40ರಲ್ಲಿ ನೋಡಿ ಎಣಿಸಿದೆ ಅಂದರೆ ನಾನಂತೂ ನಂಬುವುದಿಲ್ಲ.

ತುಂಗಭದ್ರಾ_ಬಲೆ

ಎಲ್ಲ ಓದಿದೆ. ನಾವು ರಾಣೆಬೆನ್ನೂರು ತಾಲ್ಲೂಕಿನ ಹೊಳೆ ಕಡೆಯವರು, ಅಜ್ಜನ ಕಾಲದಿಂದ ಬಲೆ. ಒಂದು ಪ್ರಶ್ನೆ ರೀ. ಮೀನು ಸತ್ತು ತೇಲಿದಾಗ ಯಾರೂ ಬರುವುದಿಲ್ಲ. ಬದುಕಿರುವ ಮೀನಿನ ರಕ್ತ ತೆಗೆದು ಏನು ಮಾಡುತ್ತೀರಿ?

ನೀರು ಕೆಟ್ಟಿದೆ ಅಂತ ನಮಗೆ ಸ್ಲೈಡ್ ಬೇಕಾಗಿಲ್ಲ. ಬೆಳಕು ಹರಿಯುವ ಮೊದಲು ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಗೊತ್ತಾಗುತ್ತದೆ. ಕಿವಿರು ಎತ್ತಿ ನೋಡಿದರೆ ಗೊತ್ತಾಗುತ್ತದೆ. ಚೆನ್ನಾಗಿರುವ ಮೀನಿನ ಕಿವಿರು ಕೆಂಪಗೆ ದಾಸವಾಳದ ಬಣ್ಣ. ಕೆಟ್ಟ ನೀರಿನದ್ದು ಒಮ್ಮೊಮ್ಮೆ ಕಂದು ಇರುತ್ತದೆ, ಒಮ್ಮೊಮ್ಮೆ ಬಿಳಚಿಕೊಂಡು ಲೋಳೆ ಕಟ್ಟಿರುತ್ತದೆ. ಬಲೆ ಎತ್ತಿದಾಗ ಹಗ್ಗದ ವಾಸನೆಯೇ ಹೇಳುತ್ತದೆ. ಹೊಳೆಯ ಮಾಲಿನ್ಯದ ಜಗಳ 80ರ ದಶಕದಿಂದ ನಡೆದಿದೆ. ಧಾರವಾಡದ ಸಮಾಜ ಪರಿವರ್ತನ ಸಮುದಾಯದವರು ಆಗ ಹೋರಾಡಿದ್ದನ್ನು ನಮ್ಮ ಹಿರಿಯರು ಈಗಲೂ ಹೇಳುತ್ತಾರೆ. ಆವಾಗಿನಿಂದ ಎಷ್ಟೋ ಜನ ಬಾಟಲಿ ತುಂಬಿಕೊಂಡು ಹೋದರು. ರಿಪೋರ್ಟ್ ನಮ್ಮ ಕೈಗೆ ಬಂದದ್ದು ಕಾಣೆ.

ಸ್ಲೈಡ್_ಅಕ್ಕ

ಅಣ್ಣ, ನೀವು ನೋಡುವುದೂ ರಕ್ತವನ್ನೇ. ಕಿವಿರು ಕಂದಾಗುವುದು ನೈಟ್ರೈಟ್ ಜಾಸ್ತಿ ಆದಾಗ. ಅದು ರಕ್ತಕ್ಕೆ ಸೇರಿ ಹಿಮೋಗ್ಲೋಬಿನ್ನನ್ನು ಆಮ್ಲಜನಕ ಹೊರಲಾಗದ ರೂಪಕ್ಕೆ ತಿರುಗಿಸುತ್ತದೆ, ರಕ್ತವೇ ಚಾಕೊಲೇಟ್ ಬಣ್ಣಕ್ಕೆ ಬರುತ್ತದೆ. ಬೆಳಗಿನ ಜಾವ ಬಾಯಿ ಬಡಿಯುವುದು ಆಮ್ಲಜನಕ ಕಡಿಮೆ ಆಗಿದ್ದಕ್ಕೆ. ರಾತ್ರಿಯೆಲ್ಲ ಪಾಚಿಯೂ ಉಸಿರಾಡುತ್ತದೆ, ಚರಂಡಿ ಕೊಳೆ ತಿನ್ನುವ ಬ್ಯಾಕ್ಟೀರಿಯಾವೂ ಉಸಿರಾಡುತ್ತವೆ, ಸೂರ್ಯ ಹುಟ್ಟುವ ಹೊತ್ತಿಗೆ ನೀರಿನಲ್ಲಿ ಏನೂ ಉಳಿದಿರುವುದಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಲೆಕ್ಕದಲ್ಲಿ ಮೀನುಗಾರಿಕೆಗೆ ಆಗುವ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಇರಬೇಕು, ಪಿಎಚ್ 6.5ರಿಂದ 8.5. ಕಚೇರಿ ತೆರೆದ ಮೇಲೆ ಮಧ್ಯಾಹ್ನ ಹೋಗಿ ಅಳೆದರೆ ಬಿಸಿಲಿಗೆ ಪಾಚಿ ಆಮ್ಲಜನಕ ಬಿಟ್ಟಿರುತ್ತದೆ, ಪಾಸಾಗಿಬಿಡುತ್ತದೆ. ನಿಮ್ಮ ಬೆಳಗಿನ ಜಾವದ ಕಣ್ಣು ಅದಕ್ಕಿಂತ ಎಷ್ಟೋ ಮೇಲು.

ಆದರೆ ನೀವು ಹೇಳಿದ ಎರಡೂ ಕಣ್ಣಿಗೆ ಕಾಣುವ, ಆಗಿಂದಾಗ್ಗೆ ಆಗುವ ತೊಂದರೆ. ಸ್ಲೈಡ್ ಹಿಡಿಯುವುದು ಬೇರೆ ತರಹದ್ದು. ಮೀನು ಸಾಯುವುದಿಲ್ಲ, ಈಜುತ್ತದೆ, ತಿನ್ನುತ್ತದೆ, ಕಿವಿರೂ ಕೆಂಪಗೇ ಇರುತ್ತದೆ, ಒಳಗೆ ಕ್ರೋಮೋಸೋಮ್ ಒಡೆಯುತ್ತಿರುತ್ತದೆ. ಎಲೆಕ್ಟ್ರೋಪ್ಲೇಟಿಂಗ್ ನೀರಿನ ಕ್ರೋಮಿಯಂ, ಅದರಲ್ಲೂ ಹೆಕ್ಸಾವೇಲೆಂಟ್ ರೂಪದ್ದು, ಸುಟ್ಟ ಎಂಜಿನ್ ಆಯಿಲ್‌ನಲ್ಲಿರುವ ಬೆಂಜೊಪೈರೀನ್ ಜಾತಿಯವು, ಕೆಲವು ಕೀಟನಾಶಕಗಳು, ಇವೆಲ್ಲ ಅಂಥವು. ಹುಬ್ಬಳ್ಳಿಯ ಗ್ಯಾರೇಜುಗಳ ಮುಂದಿನ ಗಟಾರು ನೋಡಿದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ಇನ್ನೊಂದು, ಸತ್ತು ತೇಲಿದ ಮೀನಿನ ರಕ್ತ ಈ ಟೆಸ್ಟಿಗೆ ಬರುವುದಿಲ್ಲ. ಕಣಗಳು ಒಡೆದು ಹೋಗಿರುತ್ತವೆ. ಮತ್ತೆ, ನಿನ್ನೆ ರಾತ್ರಿ ಬಿಟ್ಟ ವಿಷ ಇವತ್ತು ಬೆಳಗ್ಗೆ ಸ್ಲೈಡ್‌ನಲ್ಲಿ ಕಾಣುವುದಿಲ್ಲ. ಕೋಶ ಎರಡಾಗಬೇಕು, ಹೊಸ ಕಣ ರಕ್ತಕ್ಕೆ ಇಳಿಯಬೇಕು, ಅದಕ್ಕೆ ಕೆಲವು ದಿನ ಹಿಡಿಯುತ್ತದೆ. ಚಳಿಗಾಲದಲ್ಲಿ ಇನ್ನೂ ನಿಧಾನ, ಯಾಕೆಂದರೆ ಮೀನಿನ ಮೈ ನೀರಿನಷ್ಟೇ ತಣ್ಣಗಿರುತ್ತದೆ. ಅದಕ್ಕೇ ಡಿಸೆಂಬರ್‌ನ ಸ್ಲೈಡನ್ನು ಏಪ್ರಿಲ್‌ನ ಸ್ಲೈಡಿಗೆ ಹೋಲಿಸಬೇಡಿ. ಎರಡು ಜಾಗದ ಮೀನನ್ನು ಒಂದೇ ವಾರದಲ್ಲಿ ಹಿಡಿಯಿರಿ.

ಬ್ಯಾಡಗಿ_ಖಾರ

"ಕೆಲವು ಕೀಟನಾಶಕಗಳು" ಬಂತು ನೋಡಿ. ಕೊನೆಗೆ ರೈತನ ತಲೆಗೇ. ಹುಬ್ಬಳ್ಳಿಯ ಚರಂಡಿ ನೀರು ಗಬ್ಬೂರು, ಕಟ್ನೂರು ಕಡೆ ಹೊಲಕ್ಕೆ ಹರಿಯುತ್ತಿರುವುದು ಎಷ್ಟು ವರ್ಷದಿಂದ? ಊರಿನವರು ಶೌಚಾಲಯ ತೊಳೆದದ್ದು, ಆಸ್ಪತ್ರೆಯಲ್ಲಿ ತೊಳೆದದ್ದು, ಗ್ಯಾರೇಜಿನದ್ದು, ಎಲ್ಲ ನಮ್ಮ ಕಡೆ. ಆಮೇಲೆ ಹಳ್ಳದ ಮೀನು ಕೆಟ್ಟರೆ ಮೆಣಸಿನಕಾಯಿಗೆ ಹೊಡೆದ ಎಣ್ಣೆ ಕಾರಣ.

ಸ್ಲೈಡ್_ಅಕ್ಕ

ಕಾರಣ ಯಾರು ಅಂತ ಈ ಸ್ಲೈಡ್ ಹೇಳುವುದೇ ಇಲ್ಲ ಅಣ್ಣ, ಅದನ್ನೇ ಹೇಳಲಿಕ್ಕೆ ಹೊರಟಿದ್ದೆ. ಚುಕ್ಕೆ ಮೇಲೆ ಹೆಸರು ಬರೆದಿರುವುದಿಲ್ಲ. ಕ್ರೋಮಿಯಂನಿಂದ ಬಂದದ್ದೂ, ಆಯಿಲ್‌ನಿಂದ ಬಂದದ್ದೂ, ಕೀಟನಾಶಕದಿಂದ ಬಂದದ್ದೂ ನೋಡಲು ಒಂದೇ ತರಹ. ಏನೋ ಇದೆ ಅಂತ ಗೊತ್ತಾದ ಮೇಲೆ ಅದು ಏನು ಅಂತ ಹುಡುಕಲು ರಾಸಾಯನಿಕ ಪರೀಕ್ಷೆಯೇ ಬೇಕು. ಕೆಸರಿನಲ್ಲಿ ಲೋಹ ಎಷ್ಟು, ನೀರಿನಲ್ಲಿ ಕೀಟನಾಶಕ ಎಷ್ಟು, ಹೀಗೆ.

ಆದರೆ ಪೈರೆಥ್ರಾಯ್ಡ್ ಜಾತಿಯ ಕೀಟನಾಶಕಗಳ ಮಾತು ಬೇರೆ. ಸೈಪರ್‌ಮೆಥ್ರಿನ್ ಅಂಥವು ಮನುಷ್ಯರಿಗಿಂತ ಮೀನಿಗೆ ಎಷ್ಟೋ ಪಟ್ಟು ಕಠಿಣ. ಮೀನಿನ ಲಿವರ್ ಅದನ್ನು ಬೇಗ ಒಡೆದು ಹಾಕಲಾರದು. ಪಂಪ್ ತೊಳೆದ ನೀರು ಹಳ್ಳಕ್ಕೆ ಸುರಿದರೆ ಆ ಮಡುವಿನ ಮೀನು ಹೋದ ಹಾಗೆಯೇ. ಎಂಡೋಸಲ್ಫಾನ್ ಕೂಡ ಮೀನಿಗೆ ಅಷ್ಟೇ ಕೆಟ್ಟದ್ದಾಗಿತ್ತು, 2011ರಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸಿತು. ಹೊಲದಲ್ಲಿ ಹೊಡೆಯಬೇಡಿ ಅನ್ನುತ್ತಿಲ್ಲ. ಪಂಪನ್ನು ಹಳ್ಳದಲ್ಲಿ ಮುಳುಗಿಸಿ ತೊಳೆಯಬೇಡಿ ಅಷ್ಟೇ.

ಬ್ಯಾಡಗಿ_ಖಾರ

ಅದು ನ್ಯಾಯದ ಮಾತು. ತೊಳೆಯುವವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಊರಿನ ಚರಂಡಿಯನ್ನೂ ಅಷ್ಟೇ ಜೋರಾಗಿ ಕೇಳಿ.

ಲೆಕ್ಕದ_ಮಾಸ್ತರ್

ಎಲ್ಲರೂ ಜೀವಶಾಸ್ತ್ರ ಮಾತಾಡುತ್ತಿದ್ದೀರಿ, ನಾನು ಎಣಿಕೆ ಮಾತಾಡುತ್ತೇನೆ. ಬೇಜಾರಾಗಬೇಡಿ, ಇದು ಬೋರಿಂಗ್ ಆದರೂ ಪ್ರಾಜೆಕ್ಟ್ ನಿಲ್ಲುವುದು ಬೀಳುವುದು ಇದರ ಮೇಲೇ.

ಒಳ್ಳೆಯ ನೀರಿನ ಮೀನಿನಲ್ಲೂ ಮೈಕ್ರೋನ್ಯೂಕ್ಲಿಯಸ್ ಸೊನ್ನೆ ಅಲ್ಲ, ಅಲ್ವಾ? ಲೆಕ್ಕಕ್ಕೆ ಸಾವಿರಕ್ಕೆ ಒಂದು ಅಂತ ಇಟ್ಟುಕೊಳ್ಳಿ. ಈಗ ಆ ಒಳ್ಳೆಯ ಮೀನಿನಲ್ಲೇ ನೀವು 1000 ಕಣ ಎಣಿಸಿದರೆ ಏನು ಸಿಗುತ್ತದೆ? ಸುಮಾರು 37% ಸಲ ಒಂದೂ ಸಿಗುವುದಿಲ್ಲ. ಇನ್ನೊಂದು 37% ಸಲ ಒಂದು ಸಿಗುತ್ತದೆ. 18% ಸಲ ಎರಡು. 8% ಸಲ ಮೂರು ಅಥವಾ ಹೆಚ್ಚು. ಇದು ಬರೀ ಅದೃಷ್ಟದ ಆಟ, ಮಾಲಿನ್ಯ ಅಲ್ಲ. ಹಾಗಿರುವಾಗ ಹಳ್ಳದ ಒಂದು ಮೀನಿನಲ್ಲಿ 1000ಕ್ಕೆ ಮೂರು ಸಿಕ್ಕಿತು, ಕೆರೆಯ ಒಂದು ಮೀನಿನಲ್ಲಿ ಒಂದು ಸಿಕ್ಕಿತು, "ಮೂರು ಪಟ್ಟು ಮಾಲಿನ್ಯ" ಅಂತ ಬರೆದರೆ ಅದಕ್ಕೆ ಅರ್ಥವೇ ಇಲ್ಲ.

ಮಾಡಬೇಕಾದದ್ದು, ಮೀನಿಗೆ 2000ಕ್ಕೆ ಕಡಿಮೆ ಇಲ್ಲದಂತೆ ಎಣಿಸಿ, ಜಾಗಕ್ಕೆ ಹತ್ತಾದರೂ ಮೀನು ಇರಲಿ. ಲೆಕ್ಕದಲ್ಲಿ ಒಂದು ಘಟಕ ಅಂದರೆ ಒಂದು ಮೀನು, ಒಂದು ಕಣ ಅಲ್ಲ. ಇಪ್ಪತ್ತು ಸಾವಿರ ಕಣ ಎಣಿಸಿದೆವು ಅಂತ ಇಪ್ಪತ್ತು ಸಾವಿರ ಪುರಾವೆ ಇದೆ ಅಂದುಕೊಳ್ಳಬೇಡಿ, ನಿಮ್ಮ ಹತ್ತಿರ ಇರುವುದು ಹತ್ತೇ ಮೀನು.

ಎರಡನೆಯದು ಇನ್ನೂ ಮುಖ್ಯ. ಎಣಿಸುವವರಿಗೆ ಸ್ಲೈಡ್ ಯಾವ ಊರಿನದ್ದು ಅಂತ ಗೊತ್ತಿರಬಾರದು. ಊರ ಹೆಸರು ತೆಗೆದು ಬರೀ ನಂಬರ್ ಬರೆಯಿರಿ. ನಂಬರಿನ ಚೀಟಿ ಬೇರೆಯವರ ಹತ್ತಿರ ಇರಲಿ. ಉಣಕಲ್ ನಾಲಾ ಅಂತ ಬರೆದ ಸ್ಲೈಡ್ ಕೈಗೆ ಬಂದರೆ ಯಾವ ಹುಡುಗನಿಗಾದರೂ ಚುಕ್ಕೆ ಜಾಸ್ತಿ ಕಾಣುತ್ತದೆ, ನನಗೂ ಕಾಣುತ್ತದೆ.

ನಿವೃತ್ತ_ಲ್ಯಾಬ್_ಕಾಕಾ

ಮಾಸ್ತರ್ ಹೇಳಿದ್ದು ನೂರಕ್ಕೆ ನೂರು. ಜೊತೆಗೆ ಒಂದೇ ಸ್ಲೈಡನ್ನು ಇಬ್ಬರು ಎಣಿಸಲಿ. ಇಬ್ಬರ ಲೆಕ್ಕ ತುಂಬಾ ದೂರ ಇದ್ದರೆ ಕೂತು ಮತ್ತೆ ನೋಡಿ. ಮೊಗ್ಗು, ಹಾಲೆ, ಕಚ್ಚು ಇವುಗಳಲ್ಲಿ ಜಗಳ ಬಂದೇ ಬರುತ್ತದೆ. ಒಬ್ಬರಿಗೆ ಹಾಲೆ ಅನಿಸಿದ್ದು ಇನ್ನೊಬ್ಬರಿಗೆ ಮೊಗ್ಗು. ಸ್ಮಿಯರ್ ನಿಧಾನಕ್ಕೆ ಒಣಗಿದರೂ ನ್ಯೂಕ್ಲಿಯಸ್ ಆಕಾರ ಸೊಟ್ಟಗಾಗುತ್ತದೆ. ಮಳೆಗಾಲದಲ್ಲಿ ಧಾರವಾಡದ ಹವೆಯಲ್ಲಿ ಇದು ದೊಡ್ಡ ಕಾಟ. ಹಾಗಾಗಿ ಮೈಕ್ರೋನ್ಯೂಕ್ಲಿಯಸ್ ಒಂದು ಕಾಲಂ, ಉಳಿದ ವಿಕಾರಗಳು ಬೇರೆ ಕಾಲಂ. ಎರಡನ್ನೂ ಕೂಡಿಸಿ ಒಂದು ದೊಡ್ಡ ಸಂಖ್ಯೆ ಮಾಡಬೇಡಿ.

ಗದಗ_ಹಕ್ಕಿ

ಹೋಲಿಕೆಗೆ ಚೊಕ್ಕ ನೀರು ಬೇಕು ಅಂದಿರಲ್ಲ, ಮಾಗಡಿ ಕೆರೆ ಆಗುತ್ತದಾ? ಶಿರಹಟ್ಟಿ ತಾಲ್ಲೂಕಿನದು, ಚಳಿಗಾಲಕ್ಕೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವಲ್ಲ, ಅದೇ. ಮತ್ತೆ ಒಂದು ಕುತೂಹಲ, ಹಕ್ಕಿಯ ರಕ್ತಕಣದಲ್ಲೂ ನ್ಯೂಕ್ಲಿಯಸ್ ಇರುತ್ತದೆ ಅಂತ ಓದಿದ ನೆನಪು.

ಸ್ಲೈಡ್_ಅಕ್ಕ

ಇರುತ್ತದೆ. ಹಕ್ಕಿ, ಹಾವು, ಕಪ್ಪೆ, ಮೀನು, ಇವೆಲ್ಲದರಲ್ಲೂ ಇರುತ್ತದೆ, ಸಸ್ತನಿಗಳಲ್ಲೇ ಇಲ್ಲ. ಆದರೆ ಆ ಹಕ್ಕಿಗಳ ಹತ್ತಿರ ಸೂಜಿ ಹಿಡಿದು ಯಾರೂ ಹೋಗಬೇಡಿ ದಯವಿಟ್ಟು! ಮಾಗಡಿ ಸಂರಕ್ಷಿತ ಪ್ರದೇಶ, 2024ರಲ್ಲಿ ರಾಮ್ಸಾರ್ ಪಟ್ಟಿಗೂ (ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ) ಸೇರಿತು. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಲ್ಲಿ ಮೀನು ಹಿಡಿಯುವುದೂ ಬೇಡ. ಅದೂ ಅಲ್ಲದೆ ಸುತ್ತ ಹೊಲ ಇರುವ ಕೆರೆ ಅದು. ಹಕ್ಕಿ ಬಂದ ಕೂಡಲೇ ನೀರು ಚೊಕ್ಕ ಅನ್ನಲಾಗದು.

ಕಲಘಟಗಿ ಕಡೆ, ಕಾಡಂಚಿನಲ್ಲಿ, ಮೇಲೆ ಊರಿಲ್ಲದ ಕೆರೆ ಹುಡುಕಿ. ಊರಿನ ಚರಂಡಿ ಸೇರದಿರುವುದು ಮುಖ್ಯ.

ತುಂಗಭದ್ರಾ_ಬಲೆ

ಯಾವ ಮೀನು ಹಿಡಿಯಬೇಕು ಅಂತ ಇದ್ದೀರಿ? ಅದನ್ನು ಯಾರೂ ಹೇಳಲಿಲ್ಲ. ಕಾಟ್ಲಾ, ರೋಹು ಹಿಡಿದರೆ ಉಪಯೋಗ ಇಲ್ಲ ಅಂತ ನನ್ನ ಲೆಕ್ಕ. ಕೆರೆಗೆ ಅವನ್ನು ಮರಿ ತಂದು ಬಿಟ್ಟಿರುತ್ತಾರೆ. ಮರಿ ಯಾವ ಫಾರ್ಮಿನದೋ, ಬಿಟ್ಟು ಎಷ್ಟು ದಿನ ಆಯಿತೋ. ಹೊಳೆಯಲ್ಲಾದರೆ ಅವು ನೀರು ಬಂದಾಗ ಮೈಲುಗಟ್ಟಲೆ ಓಡಾಡುತ್ತವೆ. ಗಳಗನಾಥದ ಕೂಡಲಲ್ಲಿ ಸಿಕ್ಕ ಮೀನು ವರದಾ ನದಿಯದೋ ತುಂಗಭದ್ರೆಯದೋ, ನೀವು ಹೇಗೆ ಹೇಳುತ್ತೀರಿ?

ಜಿಲೇಬಿ ಮೀನು (ತಿಲಾಪಿಯಾ) ಹಿಡಿಯಿರಿ. ಎಂಥಾ ಗಲೀಜಿನಲ್ಲೂ ಬದುಕುತ್ತದೆ, ಅಲ್ಲೇ ಮರಿ ಮಾಡುತ್ತದೆ, ದೂರ ಹೋಗುವುದಿಲ್ಲ. ಇಲ್ಲವಾದರೆ ಕೊರವ. ಕೊರವ ಮೇಲೆ ಬಂದು ಗಾಳಿ ಕುಡಿದು ಬದುಕುತ್ತದೆ, ಕೊಳಕು ಮಡುವಿನಲ್ಲೂ ಸಿಗುತ್ತದೆ. ಆದರೆ ಕೈಗೆ ಸಿಗಬೇಕಲ್ಲ, ಕೆಸರಿನಲ್ಲಿ ಹುದುಗಿರುತ್ತದೆ.

ಸ್ಲೈಡ್_ಅಕ್ಕ

ಅಣ್ಣ, ಈ ಪೋಸ್ಟಿಗೆ ಒಂದು ಪೇಪರ್ ಬರೆಯಬಹುದು. ನಮ್ಮ ದೇಶದಲ್ಲಿ ಕೊರವ ಮೀನಿನ ಮೇಲೆ ಈ ಟೆಸ್ಟ್ ತುಂಬಾ ನಡೆದಿದೆ, ನೀವು ಹೇಳಿದ ಕಾರಣಕ್ಕೇ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲೂ ಮೀನು ಮತ್ತು ಕೀಟನಾಶಕದ ಮೇಲೆ ಬಹಳ ಕೆಲಸ ಆಗಿದೆ. ಸರ್, ನಿಮ್ಮ ಹುಡುಗರು ಅಲ್ಲಿನ ಲೈಬ್ರರಿಯಲ್ಲಿ ಹಳೇ ಪ್ರಬಂಧಗಳನ್ನು ಒಮ್ಮೆ ತಿರುವಿ ಹಾಕಲಿ.

ಜಿಲೇಬಿ ನನ್ನ ಆಯ್ಕೆಯೂ ಹೌದು. ಎರಡೂ ಜಾಗದಲ್ಲಿ ಒಂದೇ ಜಾತಿ, ಹೆಚ್ಚು ಕಡಿಮೆ ಒಂದೇ ಗಾತ್ರ. ಮೈಮೇಲೆ ಗಾಯ, ಹುಣ್ಣು, ಪರೋಪಜೀವಿ ಇರುವ ಮೀನನ್ನು ಬೇರೆ ಬರೆದಿಡಿ, ಕಾಯಿಲೆ ಮೀನಿನ ರಕ್ತ ಬೇರೆಯೇ ಆಟ ಆಡುತ್ತದೆ.

ಓಡಾಡುವ ಮೀನಿನ ತಕರಾರಿಗೆ ಪಂಜರದ ದಾರಿ ಇದೆ. ಒಂದೇ ಕಡೆಯಿಂದ ತಂದ ಮೀನುಗಳನ್ನು ಎರಡು ಪಾಲು ಮಾಡಿ, ಬಲೆಯ ಪಂಜರದಲ್ಲಿ ಎರಡು ಜಾಗಕ್ಕೆ ಇಳಿಸಿ ಕೆಲವು ದಿನ ಬಿಡುವುದು. ಆವಾಗ ಮೀನು ಎಲ್ಲಿತ್ತು, ಎಷ್ಟು ದಿನ ಇತ್ತು ಅನ್ನುವ ಪ್ರಶ್ನೆಯೇ ಇರುವುದಿಲ್ಲ.

ತುಂಗಭದ್ರಾ_ಬಲೆ

ಪಂಜರ ಇಳಿಸಿ ಅಕ್ಕ, ಮರುದಿನ ಪಂಜರ ಇರುತ್ತದೆ, ಮೀನು ಯಾರದೋ ಸಾರಿನಲ್ಲಿರುತ್ತದೆ. 😄 ಕಾಯಲು ಜನ ಇಟ್ಟರೆ ಆಗಬಹುದು.

ಕಾಯ್ದೆ_ಕಟ್ಟೆ

ಇದನ್ನೆಲ್ಲ ಮಾಡಿ ರಿಪೋರ್ಟ್ ಹಿಡಿದು ನೇರ ಮಾಲಿನ್ಯ ಮಂಡಳಿಗೆ ಹೋದರೆ ಕೇಸು ಆಗುತ್ತದೆ ಅಂತ ಯಾರಾದರೂ ಅಂದುಕೊಂಡಿದ್ದರೆ ಒಂದು ಮಾತು. 1974ರ ಜಲ ಕಾಯ್ದೆಯ 21ನೇ ಸೆಕ್ಷನ್‌ನಲ್ಲಿ ತ್ಯಾಜ್ಯ ನೀರಿನ ಮಾದರಿ ಹೇಗೆ ತೆಗೆಯಬೇಕು ಅಂತ ಇದೆ. ಮಂಡಳಿಯ ಕಡೆಯವರು ನೋಟಿಸ್ ಕೊಟ್ಟು, ಆ ಜಾಗದವರ ಎದುರಿಗೆ ಮಾದರಿ ತೆಗೆದು, ಸೀಲ್ ಮಾಡಿ, ಸಹಿ ಹಾಕಿಸಿ, ಮಾನ್ಯತೆ ಇರುವ ಲ್ಯಾಬಿಗೆ ಕಳಿಸಬೇಕು. ಆ ಕ್ರಮ ತಪ್ಪಿದರೆ ಅದನ್ನು ಸಾಕ್ಷಿ ಅಂತ ಕೋರ್ಟಿನಲ್ಲಿ ಇಡಲಾಗದು. ಕಾಲೇಜಿನ ಹುಡುಗರ ಸ್ಲೈಡ್ ಆ ಜಾಗ ತುಂಬುವುದಿಲ್ಲ.

ಹಾಗಂತ ಸುಮ್ನೆ ಅಲ್ಲ. "ಇಂಥ ಜಾಗದಲ್ಲಿ ಮೀನಿನ ರಕ್ತದಲ್ಲಿ ಇಂಥ ವ್ಯತ್ಯಾಸ ಕಂಡಿದೆ, ಮೇಲಿನ ಹರಿವಿನಲ್ಲಿ ಕಂಡಿಲ್ಲ, ಈ ನಡುವಿನ ಭಾಗದಲ್ಲಿ ಮಾದರಿ ತೆಗೆಯಿರಿ" ಅಂತ ಮನವಿ ಕೊಟ್ಟರೆ ಎಲ್ಲಿ ಹುಡುಕಬೇಕು ಅಂತ ತೋರಿಸಿದ ಹಾಗಾಗುತ್ತದೆ. ಮನವಿಗೆ ಏನು ಮಾಡಿದಿರಿ ಅಂತ ಆಮೇಲೆ ಮಾಹಿತಿ ಹಕ್ಕಿನಲ್ಲಿ ಕೇಳಬಹುದು.

ಬಿಎಸ್ಸಿ_ಹುಡುಗಿ_ಹಾವೇರಿ

ಮೇಡಂ, ಎರಡು ಡೌಟ್. ಒಂದು, ರಕ್ತ ತೆಗೆಯುವಾಗ ಮೀನಿಗೆ ನೋವಾಗುವುದಿಲ್ವಾ? ಎರಡು, ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ ಜಿಲೇಬಿ ತರುತ್ತಾರೆ. ಮೈಕ್ರೋನ್ಯೂಕ್ಲಿಯಸ್ ಇರುವ ಮೀನು ತಿಂದರೆ ನಮಗೂ ಆಗುತ್ತದಾ?

ಸ್ಲೈಡ್_ಅಕ್ಕ

ಒಳ್ಳೇ ಪ್ರಶ್ನೆ ತಂಗಿ. ಲವಂಗದ ಎಣ್ಣೆ ಸ್ವಲ್ಪ ಸ್ಪಿರಿಟ್‌ನಲ್ಲಿ ಕರಗಿಸಿ ಬಕೆಟ್ ನೀರಿಗೆ ಹಾಕಿದರೆ ಮೀನಿಗೆ ಮಂಪರು ಬರುತ್ತದೆ. ರಕ್ತ ತೆಗೆದು ಒಳ್ಳೆ ನೀರಿಗೆ ಬಿಟ್ಟರೆ ಎಚ್ಚರಾಗುತ್ತದೆ. ಕಾಲೇಜಿನ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆಯನ್ನು ಮೊದಲೇ ಬರಹದಲ್ಲಿ ತೆಗೆದುಕೊಳ್ಳಿ. ಇನ್ನೂ ಸುಲಭ ಅಂದರೆ ಮೀನುಗಾರರು ಹೇಗೂ ಮಾರಲು ಹಿಡಿದ ಮೀನಿನಿಂದಲೇ, ಇನ್ನೂ ಜೀವ ಇರುವಾಗ, ದಂಡೆಯಲ್ಲೇ ಒಂದು ಹನಿ ತೆಗೆದುಕೊಳ್ಳುವುದು. ಆಗ ಮಾರುವ ಮೀನಿಗೆ ಲವಂಗದ ಎಣ್ಣೆ ಬೇಡ.

ಎರಡನೆಯದು. ಇಲ್ಲ, ಮೈಕ್ರೋನ್ಯೂಕ್ಲಿಯಸ್ ಅಂಟುವ ರೋಗ ಅಲ್ಲ. ಅದು ಆ ಮೀನಿನ ರಕ್ತಕಣದಲ್ಲಿ ಆದ ಪೆಟ್ಟು, ಅಷ್ಟೇ. ತಿನ್ನುವವರು ಕೇಳಬೇಕಾದ ಪ್ರಶ್ನೆ ಬೇರೆ. ಪಾದರಸ, ಸೀಸ, ಕ್ಯಾಡ್ಮಿಯಂ ಅಂಥ ಲೋಹ ಮೀನಿನ ಮಾಂಸದಲ್ಲಿ ಎಷ್ಟು ಸೇರಿದೆ ಅನ್ನುವುದು. ಅದಕ್ಕೆ ಮಾಂಸದ ಪರೀಕ್ಷೆ ಬೇಕು, ರಕ್ತದ ಸ್ಲೈಡ್ ಉತ್ತರ ಕೊಡುವುದಿಲ್ಲ. ಚರಂಡಿ ಸೇರುವ ಜಾಗದ ಮೀನು ನಾನಂತೂ ತರುವುದಿಲ್ಲ, ಆದರೆ ಅದಕ್ಕೆ ಕಾರಣ ಸ್ಲೈಡ್ ಅಲ್ಲ.

ಬೆಣ್ಣಿಹಳ್ಳ_ದಂಡೆ

ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಈಗ ನಮ್ಮ ಯೋಚನೆ ಹೀಗಿದೆ. ಜಾಗ ಮೂರು. ಹುಬ್ಬಳ್ಳಿ ಊರು ದಾಟಿದ ಮೇಲೆ ಬೆಣ್ಣಿಹಳ್ಳದಲ್ಲಿ ಒಂದು, ಊರಿನ ನೀರು ಸೇರುವ ಮೊದಲು ಹಳ್ಳದ ಮೇಲ್ಭಾಗದಲ್ಲಿ ಒಂದು, ಕಲಘಟಗಿ ಕಡೆಯ ಒಂದು ಕೆರೆ. ಜಿಲೇಬಿ ಮಾತ್ರ. ಫೆಬ್ರುವರಿಯಲ್ಲಿ, ಹರಿವು ಕಡಿಮೆ ಇರುವಾಗ, ಮೂರೂ ಜಾಗ ಒಂದೇ ವಾರ. ಜೊತೆಗೆ ಬೆಳಗಿನ ಜಾವದ ಆಮ್ಲಜನಕ ಅಳೆಯುತ್ತೇವೆ, ಮಧ್ಯಾಹ್ನದ್ದಲ್ಲ. ಕೆಸರಿನ ಮಾದರಿ ಕ್ರೋಮಿಯಂ ಪರೀಕ್ಷೆಗೆ ಹೊರಗೆ ಕಳಿಸುತ್ತೇವೆ, ಕಾಲೇಜು ದುಡ್ಡು ಕೊಟ್ಟರೆ. ಕೊಡದಿದ್ದರೆ ಕಾರಣದ ಬಗ್ಗೆ ರಿಪೋರ್ಟಿನಲ್ಲಿ ಒಂದು ಸಾಲೂ ಬರೆಯುವುದಿಲ್ಲ.

ಸ್ಲೈಡಿನ ನಂಬರ್ ಚೀಟಿ ಲೆಕ್ಕದ ಮಾಸ್ತರ್ ಇಟ್ಟುಕೊಳ್ಳಬಹುದಾ?

ಲೆಕ್ಕದ_ಮಾಸ್ತರ್

ಇಟ್ಟುಕೊಳ್ಳುತ್ತೇನೆ. ಎಣಿಕೆ ಪೂರ್ತಿ ಮುಗಿದು ಹಾಳೆ ನನ್ನ ಕೈಗೆ ಬರುವ ತನಕ ಪ್ರಿನ್ಸಿಪಾಲರು ಕೇಳಿದರೂ ಕೊಡುವುದಿಲ್ಲ.

ನಿವೃತ್ತ_ಲ್ಯಾಬ್_ಕಾಕಾ

ಮೊದಲ ದಿನ ನಾನೇ ಬರುತ್ತೇನೆ, ಸ್ಮಿಯರ್ ಎಳೆಯುವುದನ್ನು ಕೋಳಿ ಅಂಗಡಿಯ ರಕ್ತದಲ್ಲಿ ಅಭ್ಯಾಸ ಮಾಡಿಸೋಣ. ಅದರಲ್ಲೂ ನ್ಯೂಕ್ಲಿಯಸ್ ಇರುತ್ತದೆ, ಬಣ್ಣ ಸರಿಯಾಗಿದೆಯಾ ಅಂತಲೂ ಗೊತ್ತಾಗುತ್ತದೆ. ಕೈ ಕುಳಿತ ಮೇಲೆ ಮೀನಿಗೆ ಹೋಗೋಣ.

ತುಂಗಭದ್ರಾ_ಬಲೆ

ಬೆಣ್ಣಿಹಳ್ಳದ ಕಡೆ ಬಲೆ ಹಾಕುವ ಹುಡುಗರು ನನಗೆ ಗೊತ್ತು, ಮಾತಾಡುತ್ತೇನೆ. ಆದರೆ ಒಂದು ಷರತ್ತು. ಸ್ಲೈಡಿನ ಫೋಟೋ ಹಾಕಿ "ಈ ಹಳ್ಳದ ಮೀನು ವಿಷ, ತಿನ್ನಬೇಡಿ" ಅಂತ ಯಾರೂ ವಾಟ್ಸಾಪ್‌ನಲ್ಲಿ ಬಿಡಬಾರದು. ಅಕ್ಕಾವ್ರೇ ಹೇಳಿದರಲ್ಲ, ತಿನ್ನುವ ಪ್ರಶ್ನೆ ಬೇರೆ ಅಂತ. ಅಂಥ ಒಂದು ಮೆಸೇಜ್ ಓಡಾಡಿದರೆ ಸಂತೆಯಲ್ಲಿ ನಮ್ಮ ಮೀನು ವಾರಗಟ್ಟಲೆ ಯಾರೂ ಮುಟ್ಟುವುದಿಲ್ಲ. ಚರಂಡಿ ಬಿಟ್ಟವನಿಗೆ ಅದರಿಂದ ಒಂದು ರೂಪಾಯಿ ನಷ್ಟ ಇಲ್ಲ. ಫಲಿತಾಂಶ ಏನೇ ಬರಲಿ, ಮೊದಲು ಮೀನುಗಾರರ ಸಂಘಕ್ಕೆ ಕೂರಿಸಿಕೊಂಡು ಹೇಳಿ. ಆಮೇಲೆ ಮಂಡಳಿಗೆ ಕೊಡುವ ಮನವಿಗೆ ನಾವೂ ಸಹಿ ಹಾಕುತ್ತೇವೆ.

ಬೆಣ್ಣಿಹಳ್ಳ_ದಂಡೆ

ಒಪ್ಪಿದೆ ಅಣ್ಣ. ಇದನ್ನು ಪ್ರಾಜೆಕ್ಟ್ ಹಾಳೆಯಲ್ಲೇ ಬರೆಸುತ್ತೇನೆ, ಹುಡುಗರ ಸಹಿಯೂ ಇರುತ್ತದೆ. ಆ ಹುಡುಗರ ನಂಬರ್ ಇಲ್ಲಿ ಹಾಕಬೇಡಿ, ನನಗೆ ಮೆಸೇಜ್ ಮಾಡಿ.